ಸನ್ಮಾನ ಮಾಡಿದ ನಾಲ್ಕನೇ ದಿನ

ನನಗೆ ಚಪ್ಪಾಳೆಯ ಮೇಲೆ ಮೊದಲಿನಿಂದಲೂ ಅನುಮಾನ. ಅದು ಎಷ್ಟು ಸಲೀಸಾಗಿ ಸಿಗುತ್ತದೆ ಎಂಬುದನ್ನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆ. ಎರಡು ವಾಕ್ಯ ಮೆಲ್ಲಗೆ, ಮೂರನೆಯದು ಜೋರಾಗಿ, ಕೊನೆಗೊಂದು ಪ್ರಶ್ನೆ ಎಸೆದು ಕುಳಿತುಬಿಟ್ಟರೆ ಮುಗಿಯಿತು. ಕೊರೊನಾದ ಮೊದಲ ವರ್ಷ ಶಿಗ್ಗಾಂವಿಯ ನಮ್ಮ ಓಣಿಯವರೆಲ್ಲ ತಾಟು, ಚಮಚ ಹಿಡಿದು ಮಾಳಿಗೆ ಹತ್ತಿದಾಗ ನಾನು ಕೆಳಗೇ ಉಳಿದೆ.

“ನೀ ಒಬ್ಬಾಕಿ ಬಡೀಲಿಲ್ಲಂದ್ರ ಚಲೋ ಕಾಣ್ತೈತೇನ?” ಎಂದು ಅವ್ವ ಮೇಲಿನಿಂದ ಕೂಗಿದಳು.

“ಬಡದ್ರ ಏನಾಗ್ತೈತಿ, ಅದನ್ನ ಮೊದ್ಲ ಹೇಳು” ಎಂದೆ.

ಅವ್ವ ತಿರುಗಿ ತಾಟು ಬಡಿಯತೊಡಗಿದಳು. ಆ ಸುತ್ತು ನಾನೇ ಗೆದ್ದೆ ಅಂದುಕೊಂಡೆ. ಆಗ ನಮಗೆ ಗೊತ್ತಿದ್ದ ಯಾರಿಗೂ ಜಡ್ಡು ಬಂದಿರಲಿಲ್ಲ.

ಎರಡನೇ ಅಲೆಯಲ್ಲಿ ಅಪ್ಪನಿಗೆ ಬಂತು. ಅಪ್ಪ ಬಸ್ ಕಂಡಕ್ಟರ್. ಶಿಗ್ಗಾಂವಿಯಿಂದ ಬಂಕಾಪುರ, ಹಾನಗಲ್, ಅಕ್ಕಿಆಲೂರು ದಾಟಿ ಹಿರೇಕೆರೂರಿಗೆ ಹೋಗಿಬರುವುದು ಅವರ ದಿನಚರಿ. ಲಾಕ್‌ಡೌನಿಗೆ ಬಸ್ಸು ನಿಲ್ಲುವ ಮುಂಚಿನ ವಾರವೇ ಕೆಮ್ಮು ಹತ್ತಿತ್ತು. ಊರ ಹೊರಗಿನ ಒಂದು ಹಾಸ್ಟೆಲ್ಲನ್ನು ಆರೈಕೆ ಕೇಂದ್ರ ಮಾಡಿದ್ದರು, ಅಲ್ಲಿ ಸೇರಿಸಿಕೊಂಡರು. ನಮ್ಮನ್ನು ಗೇಟಿನಿಂದ ಒಳಗೆ ಬಿಡಲಿಲ್ಲ. ಊಟದ ಡಬ್ಬಿಯನ್ನು ಗೇಟಿನ ಹತ್ತಿರದ ಬೆಂಚಿನ ಮೇಲೆ ಇಟ್ಟು ಹಿಂದೆ ಸರಿಯಬೇಕು, ಒಳಗಿನವರು ಬಂದು ಒಯ್ಯಬೇಕು. ಅಷ್ಟೇ. ಅಪ್ಪನ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಗೇಟಿನ ಎಡಕ್ಕೆ ಬಂದು ತುದಿಗಾಲ ಮೇಲೆ ನಿಂತರೆ ಕಂಬಳಿಯ ಒಂದು ತುದಿ ಕಾಣಿಸುತ್ತಿತ್ತು. ನಾನು ದಿನಕ್ಕೆ ಎರಡು ಸಲ ಆ ಕಂಬಳಿ ನೋಡಲು ಹೋಗುತ್ತಿದ್ದೆ.

ಮೊದಲನೇ ದಿನ ಕಂಬಳಿಯ ಪಕ್ಕದಲ್ಲಿ ಬಿಳಿ ಕಿಟ್ ಹಾಕಿಕೊಂಡ ಒಂದು ಆಕಾರ ಸುಮ್ಮನೆ ನಿಂತಿತ್ತು. ಕೈಯಲ್ಲಿ ಒರೆಸುವ ಕೋಲು, ಕಾಲ ಬಳಿ ಬಕೆಟ್ಟು. ಐದು ನಿಮಿಷವಾಯಿತು, ಹತ್ತಿರ ಹತ್ತಿರ ಹತ್ತಾಯಿತು, ಅಲುಗಾಡಲಿಲ್ಲ. ನನಗೆ ಸಿಟ್ಟು ತಡೆಯಲಾಗಲಿಲ್ಲ.

“ಏನ್ ನಿಂತೀರಿ ಅಕ್ಕಾರ? ಒರಸ್ರೆಲಾ!” ಎಂದು ಗೇಟಿನಿಂದಲೇ ಕೂಗಿದೆ.

ಆ ಆಕಾರ ತಲೆ ತಿರುಗಿಸಿ ನೋಡಿ, ಮತ್ತೆ ಅಪ್ಪನ ಕಡೆ ತಿರುಗಿಕೊಂಡಿತು. ಅರ್ಧ ತಾಸಿನ ಮೇಲೆ ಕಿಟ್ ಕಳಚಿ, ಇನ್ನೊಂದು ಮಾಸ್ಕು ಹಾಕಿಕೊಂಡು, ಒಬ್ಬ ಹೆಂಗಸು ಗೇಟಿನ ಆಚೆ ದೂರದಲ್ಲಿ ಬಂದು ನಿಂತಳು. ನಲವತ್ತರ ಆಸುಪಾಸು ಇರಬಹುದು. ಮುಖದಲ್ಲಿ ಕಂಡದ್ದು ಕಣ್ಣು ಮಾತ್ರ.

“ಕೂಗಿದಾಕಿ ನೀನ ಏನವಾ?”

“ಹೌದ್ರಿ, ನಾನ.”

“ಬ್ಲೀಚಿಂಗ್ ನೀರು ಹಚ್ಚಿದ ಮ್ಯಾಲೆ ಹತ್ತು ನಿಮಿಷ ಹಸೀನ ಇರಬೇಕು. ಹಚ್ಚಿದ ಕೂಡ್ಲೆ ಒರಿಸಿದ್ರ ವಾಸನಿ ಉಳೀತೈತಿ, ಅದರ ಜೋಡಿ ಜಡ್ಡೂ ಉಳೀತೈತಿ.”

“ಹತ್ತ ನಿಮಿಷ ಅಂತ ಯಾರ್ ಹೇಳಿದ್ರು?”

“ಟ್ರೇನಿಂಗಿನ್ಯಾಗ ಹೇಳ್ಯಾರ.”

“ಅವ್ರು ಹೇಳಿದ್ದು ಖರೇನ ಅಂತ ಹೆಂಗ ಗೊತ್ತು?”

ಆಕೆ ನಕ್ಕದ್ದು ಕಣ್ಣಿನಿಂದಲೇ ಗೊತ್ತಾಯಿತು. “ನಿಮ್ಮಪ್ಪಾರು ಹೇಳಿದ್ದಂತೂ ಖರೇ ಐತಿ. ನನ್ನ ಮಗಳು ಬರ್ತಾಳ, ಬಂದ ಕೂಡ್ಲೆ ಜಗಳಾ ತಗೀತಾಳ, ಮನಸಿಗೆ ಹಚ್ಕೋಬ್ಯಾಡ್ರಿ ಅಂದಿದ್ರು.”

ಮನೆಗೆ ಹೋಗಿ ಮೊಬೈಲಿನಲ್ಲಿ ತಾಸುಗಟ್ಟಲೆ ಹುಡುಕಿದೆ. ಆಕೆ ಹೇಳಿದ್ದೇ ಸರಿ ಇತ್ತು. ಮರುದಿನ ಗೇಟಿಗೆ ಹೋಗಿ ಅದನ್ನು ಒಪ್ಪಿಕೊಂಡೆ. “ಆತ್ ಬಿಡು, ಇನ್ನ ನಿದ್ದಿ ಮಾಡ್ತೇನಿ” ಎಂದಳು. ಅಂದಿನಿಂದ ಆಕೆ ನನಗೆ ಅಕ್ಕ.

ಅಕ್ಕ ಹಿರೇಬೆಂಡಿಗೇರಿಯವಳು. ಬಸ್ಸಿಲ್ಲದ ಆ ದಿನಗಳಲ್ಲಿ ಹಾಲಿನ ಗಾಡಿಯಲ್ಲಿ ಬರುತ್ತಿದ್ದಳು. ಬೇರೆ ಮಾಡಲು ಏನೂ ಇಲ್ಲದೆ ಗೇಟಿನಲ್ಲಿ ನಿಂತೇ ಇರುತ್ತಿದ್ದ ನಾನು ಅವಳ ಕೆಲಸವನ್ನು, ಎದುರಾಳಿಯ ಭಾಷಣ ಕೇಳುವಾಗ ಹುಡುಕುವಂತೆ, ಎಲ್ಲಿ ತಪ್ಪು ಸಿಗುತ್ತದೋ ಎಂದು ನೋಡಿದೆ, ಕಿಟಕಿಯಲ್ಲಿ ಕಾಣದ್ದನ್ನು ಅವಳನ್ನೇ ಕೇಳಿದೆ. ಸಿಗಲಿಲ್ಲ. ಒಣ ಕಸಬರಿಗೆ ಮುಟ್ಟುತ್ತಿರಲಿಲ್ಲ, ಧೂಳೆದ್ದರೆ ಜಡ್ಡೂ ಏಳುತ್ತದೆ ಎನ್ನುತ್ತಿದ್ದಳು. ಸ್ವಚ್ಛ ಇದ್ದ ಕಡೆಯಿಂದ ಶುರು ಮಾಡಿ ಹೊಲಸಿನ ಕಡೆಗೆ ಹೋಗುವುದು, ಪಾಯಖಾನೆ ಎಲ್ಲಕ್ಕಿಂತ ಕೊನೆಗೆ, ಅದರ ಬಕೆಟ್ಟೇ ಬೇರೆ. ಅರಿವೆಯನ್ನು ನಾಲ್ಕು ಮಡಿಕೆ ಮಾಡಿ, ಒಂದು ಮಂಚಕ್ಕೆ ಒಂದು ಮಗ್ಗುಲು, ಮುಂದಿನ ಮಂಚಕ್ಕೆ ಇನ್ನೊಂದು ಮಗ್ಗುಲು. ಒಮ್ಮೆ ಮುಟ್ಟಿದ ಮಗ್ಗುಲನ್ನು ಮತ್ತೆ ಮುಟ್ಟಿಸುತ್ತಿರಲಿಲ್ಲ. ಕಿಟ್ ಕಳಚುವಾಗ ಸರದಿಯನ್ನು ಬಾಯಿಬಿಟ್ಟು ಹೇಳುತ್ತಿದ್ದಳು: “ಗ್ಲೌಸು, ಕೈ. ಗೌನು, ಕೈ. ಕನ್ನಡಕ, ಕೈ. ಮಾಸ್ಕು, ಕೈ.” ಪ್ರತಿ ‘ಕೈ’ಗೂ ಸಾಬೂನು. ಅದು ಗೇಟಿನವರೆಗೂ ಕೇಳುತ್ತಿತ್ತು. ಕಾಯುತ್ತ ನಿಂತ ನಮ್ಮಂಥವರಿಗೆ ಅದು ಬಾಯಿಪಾಠವೇ ಆಗಿಹೋಗಿತ್ತು.

ಆ ಹತ್ತು ನಿಮಿಷ ಅವಳು ಸುಮ್ಮನೆ ನಿಲ್ಲುತ್ತಿರಲಿಲ್ಲ. ಮಂಚದಲ್ಲಿದ್ದವರ ಜೋಡಿ ಮಾತಾಡುತ್ತಿದ್ದಳು. ಡಾಕ್ಟರು, ನರ್ಸು ಕೈತುಂಬ ಕೆಲಸದಲ್ಲಿ ಓಡುವವರು. ಇಡೀ ದಿನದಲ್ಲಿ ರೋಗಿಯ ಎದುರು ಹತ್ತು ನಿಮಿಷ ನಿಲ್ಲಲೇಬೇಕಾದವಳು ಇವಳೊಬ್ಬಳೇ. ಅಪ್ಪನ ಉಸಿರು ನೋಡಲು ಅವಳದೇ ಒಂದು ಉಪಾಯವಿತ್ತು. ಬಸ್ಸಿನ ನಿಲ್ದಾಣಗಳನ್ನು ಒಂದೇ ಉಸಿರಿನಲ್ಲಿ ಕೂಗಲು ಹೇಳುತ್ತಿದ್ದಳು. ಆಮೇಲೆ ಗೇಟಿಗೆ ಬಂದು ನನಗೆ ವರದಿ.

“ಇವತ್ತ ಹಾನಗಲ್ ತನಕ ಬಂದ್ರು ನೋಡವಾ.”

ನಡುವೆ ಒಂದು ದಿನ ಬಂದವಳು ಬೆಂಚಿನ ಮೇಲಿನ ಡಬ್ಬಿಗಳನ್ನು ಸಾಲಾಗಿ ಜೋಡಿಸತೊಡಗಿದಳು. ನಾನೇ ಕೇಳಿದೆ.

“ಬಂಕಾಪುರಕ್ಕ ನಿಂತೈತಿ” ಎಂದಳು. “ಆಕ್ಸಿಜನ್ ಹಚ್ಯಾರ. ನೀ ಮನೀಗೆ ಹೋಗು, ಇಲ್ಲಿ ನಿಂತ್ರ ಬಸ್ ಓಡಂಗಿಲ್ಲ.”

ನಾನು ಹೋಗಲಿಲ್ಲ. ಮುಂದಿನ ಮೂರು ದಿನ ನನ್ನ ತಲೆಯಲ್ಲಿ ವಾದ ಇರಲಿಲ್ಲ, ಪ್ರತಿವಾದ ಇರಲಿಲ್ಲ. ಆ ಬಸ್ಸು ಹಾನಗಲ್ಲಿಗೆ ಹೊರಡಲಿ ಎಂಬುದಷ್ಟೇ ಇತ್ತು. ಹೊರಟಿತು. ಹದಿನಾಲ್ಕನೇ ದಿನ ಅಪ್ಪ ಹಿರೇಕೆರೂರು ಮುಟ್ಟಿ, ಎರಡು ದಿನ ಬಿಟ್ಟು ಮನೆಗೆ ಬಂದರು. ಬಂದವರೇ ಚಹಾದ ಜೋಡಿ ತಿನ್ನಲು ಸವಣೂರು ಖಾರ ಕೇಳಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಬೈದಳು.

ಇಲ್ಲಿಯವರೆಗಿನದನ್ನು ಹೇಳುವುದು ನನಗೆ ಸುಲಭ. ಮುಂದಿನದು ಅಲ್ಲ.

ನಮ್ಮ ಓಣಿಯ ಯುವಕರ ಸಂಘದ ಮುಖ್ಯಸ್ಥ, ನಾನು ಅಣ್ಣ ಅನ್ನುವವನು, ಒಂದು ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಹತ್ತಿರ ಬಂದು ನಿಂತ. ಕೇಂದ್ರದ ಸ್ವಚ್ಛತಾ ಕೆಲಸದ ಮೂವರು ಹೆಂಗಸರಿಗೆ ಸನ್ಮಾನ ಮಾಡುವುದಾಗಿ ಹೇಳಿದ. ಶಾಲು, ಹಾರ, ಉಡಿ ತುಂಬುವುದು.

“ಶಾಲು ಹೊದ್ಕೊಂಡು ಪಾಯಖಾನಿ ತೊಳೀಬೇಕೇನ ಅವ್ರು?” ಎಂದೆ. “ಒಳ್ಳೆ ಗ್ಲೌಸ್ ಕೊಡ್ರಿ. ಹಾಲಿನ ಗಾಡ್ಯಾಗ ಬರ್ತಾರ, ಒಂದು ಗಾಡಿ ಮಾಡ್ರಿ. ಈ ಸುಡುಸುಡು ಹೊತ್ತಿನ್ಯಾಗ ಜನಾ ಕೂಡಸ್ತೀರೇನು?”

“ಹತ್ತ ಮಂದಿ ಅಷ್ಟ, ತಂಗಿ. ದೂರ ದೂರ ಕುರ್ಚಿ.” ಅವನು ನಕ್ಕ. “ಅಲ್ಲಾ ವಕೀಲ್ರ, ಇಲ್ಲಿ ಕಟ್ಟಿ ಮ್ಯಾಲೆ ಕುಂತು ನನಗ ಯಾಕ ಬೈತಿ? ಮೈಕ್ ಕೊಡ್ತೇನಿ. ಸ್ಟೇಜ್ ಮ್ಯಾಲೆ ನಿಂತು ಎಲ್ಲಾರ್ಗೂ ಬೈ.”

ಮೈಕ್ ಅಂದ ಕೂಡಲೇ ನಾನು ಸೋತೆ. ಹೋಗಬಾರದೆಂದು ನನಗೆ ಗೊತ್ತಿತ್ತು. ಆದರೆ ಅಕ್ಕನ ಕೆಲಸ ಏನೆಂದು ಈ ಊರಿನಲ್ಲಿ ಸರಿಯಾಗಿ ಹೇಳಬಲ್ಲವಳು ನಾನೊಬ್ಬಳೇ ಎಂಬುದೂ ಗೊತ್ತಿತ್ತು. ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ಬಿಟ್ಟೆ.

ಕಾರ್ಯಕ್ರಮ ಬಯಲಿನಲ್ಲಿ ಇತ್ತು. ಸಂಜೆ ಅಡ್ಡಮಳೆ ಬಡಿದು, ಎಲ್ಲರನ್ನೂ ಪಕ್ಕದ ಸಭಾಭವನದೊಳಗೆ ಓಡಿಸಿತು. ಎರಚಲು ಬರುತ್ತದೆಂದು ಕಿಟಕಿ ಹಾಕಿದರು. ಹತ್ತು ಮಂದಿ ಅಂದದ್ದು ನಲವತ್ತು ಆಗಿತ್ತು. ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಅರಿವೆಯ ಮಡಿಕೆಗಳ ಬಗ್ಗೆ ಹೇಳಿದೆ, ಹತ್ತು ನಿಮಿಷದ ಬಗ್ಗೆ ಹೇಳಿದೆ, ತಾಟು ಬಡಿದವರನ್ನು ಚೆನ್ನಾಗಿ ಬೈದೆ. ಬೈಸಿಕೊಂಡವರು ಖುಷಿಯಿಂದ ಚಪ್ಪಾಳೆ ತಟ್ಟಿದರು. ಆಗ ನನಗೊಂದು ಮಾತು ಹೊಳೆಯಿತು. ಬರೆದುಕೊಂಡು ಹೋದದ್ದಲ್ಲ, ಆ ಗಳಿಗೆಯಲ್ಲಿ ಹೊಳೆದದ್ದು.

“ಹದಿನಾರು ದಿವಸ ನಮ್ಮಪ್ಪನ ಜೀವಾ ಕಾದಾಕಿ ಮುಖ ನಾನ ಇನ್ನೂ ನೋಡಿಲ್ಲ. ನೀವೂ ಯಾರೂ ನೋಡಿಲ್ಲ. ಅಕ್ಕಾ, ಒಂದ ನಿಮಿಷ ಆ ಮಾಸ್ಕ್ ತಗೀರಿ. ಈ ಊರು ನಿಮ್ಮ ಮುಖ ನೋಡ್ಲಿ.”

ಅಕ್ಕ ತಲೆ ಅಡ್ಡ ಅಲ್ಲಾಡಿಸಿದಳು. ಜನ ಚಪ್ಪಾಳೆ ಹೊಡೆಯತೊಡಗಿದರು. ಅವಳು ಮತ್ತೆ ತಲೆ ಅಡ್ಡ ಅಲ್ಲಾಡಿಸಿದಳು. ನಾನು ಮೈಕಿನಲ್ಲಿ, “ತಗೀರಿ ಅಕ್ಕಾ, ನನ್ನ ಸಲುವಾಗಿ” ಎಂದೆ. ಅವಳು ಕಿವಿಯ ಹಿಂದಿನ ದಾರ ಬಿಡಿಸಿದಳು. ದುಂಡು ಮುಖ, ಮೂಗಿನ ಮೇಲೆ ಮಾಸ್ಕಿನ ತಂತಿ ಒತ್ತಿ ಕಪ್ಪಾದ ಗೆರೆ. ನಾಚಿಕೊಂಡು ನಕ್ಕಳು. ಆಮೇಲೆ ಆ ಮಾಸ್ಕನ್ನು ಹಾಕಿಕೊಳ್ಳಲು ಯಾರೂ ಬಿಡಲೇ ಇಲ್ಲ. ಫೋಟೊ ಹಾಗೇ, ಹಾರ ಹಾಗೇ. ಓಣಿಯ ಹೆಂಗಸರು ಮೈಗೆ ಮೈ ಹತ್ತಿ ನಿಂತು ಉಡಿ ತುಂಬಿದರು. ಅಣ್ಣ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ತನ್ನ ಕೈಯಿಂದಲೇ ಅವಳ ಬಾಯಿಗೆ ಪೇಡೆ ಇಟ್ಟ.

ನಾಲ್ಕನೇ ದಿನ ಹಾಲಿನ ಗಾಡಿ ಬಂತು, ಅಕ್ಕ ಬರಲಿಲ್ಲ. ಜ್ವರ. ಅವಳಿಗೆ ಸಕ್ಕರೆ ಕಾಯಿಲೆ ಇತ್ತು, ಲಸಿಕೆ ಒಂದೇ ಆಗಿತ್ತು. ಎರಡು ದಿನ ಅದೇ ಕೇಂದ್ರದಲ್ಲಿಟ್ಟುಕೊಂಡು, ಉಸಿರು ಇಳಿಯತೊಡಗಿದ ಮೇಲೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಒಯ್ದರು. ಅಲ್ಲಿ ಜೊತೆಗೆ ಒಬ್ಬರನ್ನು ಬಿಡುತ್ತಿದ್ದರು, ಅವಳ ಮಗಳು ಹೋದಳು. ಆಂಬುಲೆನ್ಸ್ ಹೋಗುವಾಗ ನಾನು ಗೇಟಿನಲ್ಲೇ ಇದ್ದೆ. ಗಾಜಿನೊಳಗೆ ಏನೂ ಕಾಣಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ.

“ಆಕಿ ಅಲ್ಲೇ ಕೆಲಸಾ ಮಾಡ್ತಿದ್ಲು, ಅಲ್ಲೇ ಹತ್ತಿರ್ತೈತಿ. ನೀ ಯಾಕ ತಲಿ ಕೆಡಸ್ಕೋತಿ?” ಎಂದ.

ಒಳ್ಳೆಯ ವಾದ. ಸ್ಪರ್ಧೆಯಾಗಿದ್ದರೆ ನಾನೂ ಅದನ್ನೇ ಮೊದಲು ಹಿಡಿಯುತ್ತಿದ್ದೆ. ದಿನವೂ ಮೂವತ್ತು ರೋಗಿಗಳ ನಡುವೆ ಇರುವವಳಿಗೆ ಸಭಾಭವನದಲ್ಲೇ ಹತ್ತಿತು ಎನ್ನಲು ಪುರಾವೆ ಎಲ್ಲಿದೆ? ರಾತ್ರಿ ಆ ವಾದವನ್ನು ಹೊದ್ದುಕೊಂಡು ಮಲಗಲು ನೋಡುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಅದು ಮೈಮೇಲೆ ಇರುತ್ತಿರಲಿಲ್ಲ.

“ಅಣ್ಣಾ, ಅವತ್ತ ನಿನ್ನ ದನಿ ಕುಂತಿತ್ತಲ್ಲ?”

“ಒದರಿ ಒದರಿ ಕುಂತಿತ್ತ” ಎಂದ.

“ಜ್ವರಾ ಇತ್ತೇನು?”

“ಸ್ವಲ್ಪ ಮೈ ಬೆಚ್ಚಗಿತ್ತು. ಗುಳಿಗಿ ತಗೊಂಡ್ ಬಂದಿದ್ದೆ.” ಆಮೇಲೆ ಅವಸರವಸರವಾಗಿ, “ಯಾರ ಮುಂದೂ ಹೇಳಬ್ಯಾಡ. ಮರುದಿನ ಟೆಸ್ಟ್ ಮಾಡಿಸ್ದೆ, ಬಂದಿತ್ತು. ಮನ್ಯಾಗ ಇದ್ದೆ. ಜನಾ ಕೂಡಿಸಿದ್ದಕ್ಕ ಕೇಸ್ ಹಾಕ್ತಾರ ಮಾರಾಯ್ತಿ.”

ಮಾರನೇ ದಿನ ಅಕ್ಕನ ಮಗಳು ಫೋನ್ ಮಾಡಿದಳು. ಅಪ್ಪನ ಸುದ್ದಿ ತಿಳಿಸಲೆಂದು ಅಕ್ಕ ಇಸಿದುಕೊಂಡಿದ್ದ ನನ್ನ ನಂಬರು ಅವಳ ಹತ್ತಿರ ಇತ್ತು. ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು.

“ಅಕ್ಕಾರ, ನಮ್ಮವ್ವ ಆಕ್ಸಿಜನ್ ಮಾಸ್ಕ್ ಕಿತ್ತು ಕಿತ್ತು ಮಾತಾಡಾಕತ್ತಾಳ. ನರ್ಸ್ ಬೈದ್ರೂ ಕೇಳವಲ್ಲಳು. ಅಲ್ಲಿ ಸಾಹೇಬ್ರು ಏನೋ ಬರದಾರಂತ, ಜೋಡಿ ಕೆಲಸದಾಕಿ ಫೋನ್ ಮಾಡಿ ಹೇಳ್ಯಾಳ. ಕಿಟ್ ಕಳಿಯೋದ್ರಾಗ ಈಕಿ ತಪ್ಪು ಮಾಡ್ಯಾಳ, ಅದಕ್ಕ ಜಡ್ಡು ಹತ್ತೇತಿ ಅಂತ. ‘ನನ್ನ ಕೈಲೆ ತಪ್ಪಾಗಿಲ್ಲ, ನನ್ನ ಕೈಲೆ ತಪ್ಪಾಗಿಲ್ಲ’ ಅಂತ ಅದನ್ನ ಒಂದು ಹಿಡದಾಳ. ಆಕ್ಸಿಜನ್ ಎಂಬತ್ತೆಂಟಕ್ಕ ಇಳಿದೈತ್ರೀ. ಸಮಾಧಾನ ಆಗೂವಂಗ ಏನರ ಮಾಡ್ರಿ.”

ಸ್ವಚ್ಛತಾ ಕೆಲಸದ ಮೇಲ್ವಿಚಾರಕರು ಗೇಟಿನ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಮೇಲಿನವರಿಗೆ ಒಂದು ಕಾರಣ ಬರೆಯಬೇಕಿತ್ತು, ಬರೆದಿದ್ದರು: ‘ರಕ್ಷಣಾ ಕಿಟ್ ಕಳಚುವಾಗ ನಿರ್ಲಕ್ಷ್ಯ.’

“ಇದನ್ನ ಹೆಂಗ ಬರದ್ರಿ ಸರ?”

“ಮತ್ತ ಹೆಂಗ ಬಂತು ಹೇಳ್ರಿ? ಕಿಟ್ ಸರಿ ಕಳದಿದ್ರ ಬರ್ತಿರ್ಲಿಲ್ಲ.”

“ತಪ್ಪಾಗಿ ಕಳದಿದ್ದು ನೋಡೀರೇನು?”

“ನೋಡಿಲ್ಲ.”

“ನಾ ಹದಿನಾರು ದಿವಸ ಇಲ್ಲೇ ನಿಂತು ಕೇಳೇನಿ. ಒಂದಿನಾನೂ ಒಂದು ಕೈ ಬಿಟ್ಟಿಲ್ಲ ಆಕಿ.”

“ನೀವು ಕೇಳಿದ್ದು ಪುರಾವೆ ಆಗ್ತೈತೇನು ಮೇಡಂ? ಮತ್ತ ಎಲ್ಲಿ ಹತ್ತಿತು, ಅದನ್ನರ ಹೇಳ್ರಿ.”

ಉತ್ತರ ನನಗೆ ಗೊತ್ತಿತ್ತು, ಉತ್ತರದಲ್ಲಿ ನಾನೇ ಇದ್ದೆ.

ಒಂದು ಹಾಳೆ ಕೇಳಿ ಇಸಿದುಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತು ಬರೆದೆ. ಸಭಾಭವನ, ಮುಚ್ಚಿದ ಕಿಟಕಿ, ಅಂದಾಜು ನಲವತ್ತು ಜನ. ಮಾಸ್ಕ್ ತೆಗೆಯಲು ಅವರು ಎರಡು ಸಲ ಒಪ್ಪಲಿಲ್ಲ, ಮೂರನೇ ಸಲ ಒತ್ತಾಯ ಮಾಡಿದವಳು ನಾನು. ಅಣ್ಣನಿಗೆ ಫೋನ್ ಮಾಡಿ ಅವನ ಹೆಸರನ್ನೂ ಬರೆಯುತ್ತೇನೆಂದೆ. ಬೇಡಿಕೊಂಡ, ಬೈದ, ಮತ್ತೆ ಬೇಡಿಕೊಂಡ. “ಹೆಸರ ಬ್ಯಾಡ ತಂಗಿ. ಅಲ್ಲಿದ್ದೋರೊಳಗ ಒಬ್ರಿಗೆ ಜ್ವರಾ ಇತ್ತು, ಟೆಸ್ಟಿನ್ಯಾಗ ಬಂತು ಅಂತ ಬರಿ. ಯಾರರ ಕೇಳಿದ್ರ ಹೂಂ ಅಂತೇನಿ” ಎಂದ. ಅಷ್ಟಕ್ಕೆ ಒಪ್ಪಿದೆ. ಒಪ್ಪಿದ್ದು ಸರಿಯೋ ತಪ್ಪೋ, ಇನ್ನೂ ತೀರ್ಮಾನವಾಗಿಲ್ಲ. ಕೊನೆಯ ಸಾಲು ಬರೆಯಲು ಬಹಳ ಹೊತ್ತು ಹಿಡಿಯಿತು. ‘ಸೋಂಕು ಬಹುಶಃ ಅಲ್ಲಿಯೇ ತಗುಲಿರಬೇಕು. ಕೆಲಸದಲ್ಲಿ ಇವರಿಂದ ತಪ್ಪಾದದ್ದನ್ನು ನಾನು ಒಂದು ದಿನವೂ ಕಂಡಿಲ್ಲ.’ ಕೆಳಗೆ ಸಹಿ, ವಿಳಾಸ.

ಮೇಲ್ವಿಚಾರಕರು ಎರಡು ಸಲ ಓದಿದರು. “ನಿಮಗ ತ್ರಾಸ ಆಗಬಹುದು ನೋಡ್ರಿ ಮೇಡಂ.”

“ಆಗ್ಲಿ ಬಿಡ್ರಿ.”

“ಬರದದ್ದು ಅಳಸಾಕ ಬರಂಗಿಲ್ಲ. ಇದನ್ನ ಅದರ ಮ್ಯಾಲೆ ಹಚ್ತೇನಿ. ಮ್ಯಾಲಿನವ್ರು ಮೊದಲ ಇದನ್ನ ಓದ್ತಾರ.” ಗುಂಡುಸೂಜಿ ಹುಡುಕಿ ನನ್ನೆದುರೇ ಹಚ್ಚಿದರು. ಅದರ ಫೋಟೊವನ್ನು ಅಕ್ಕನ ಮಗಳಿಗೆ ಕಳಿಸಿದೆ.

ಉತ್ತರ ಬರಲಿಲ್ಲ. ಆ ದಿನ, ಮರುದಿನ, ಅದರ ಮರುದಿನ. ಫೋನ್ ಮಾಡಲು ಧೈರ್ಯವಾಗಲಿಲ್ಲ. ಕೋಣೆಯಿಂದ ಅಪ್ಪನ ಕೆಮ್ಮು ಕೇಳಿಸಿದಾಗಲೆಲ್ಲ, ಈ ಮನೆಯ ಉಸಿರನ್ನು ಉಳಿಸಿಕೊಟ್ಟವಳ ಉಸಿರಿಗೆ ನಾನು ಏನು ಮಾಡಿದೆ ಎಂಬುದೊಂದೇ ತಲೆಯಲ್ಲಿ. ನಾಲ್ಕನೇ ದಿನ ಮಗಳ ಸಂದೇಶ ಬಂತು: ‘ಅವ್ವಗ ಓದಿ ಹೇಳೇನಿ. ಮಾಸ್ಕ್ ಕೀಳೂದು ಬಿಟ್ಟಾಳ. ತೊಂಬತ್ತೊಂದು.’ ತೊಂಬತ್ತೊಂದು ಏನು ದೊಡ್ಡ ಸಂಖ್ಯೆಯಲ್ಲ. ಮತ್ತೆ ಇಳಿಯಬಹುದಿತ್ತು. ಒಮ್ಮೆ ಇಳಿಯಿತು ಕೂಡ.

ಇಪ್ಪತ್ತೆರಡು ದಿನಕ್ಕೆ ಅಕ್ಕ ಹಿರೇಬೆಂಡಿಗೇರಿಗೆ ಮರಳಿದಳು. ಅಷ್ಟೊತ್ತಿಗೆ ಲಾಕ್‌ಡೌನ್ ಸಡಿಲಾಗಿ ಅಂಗಡಿಗಳು ಮಧ್ಯಾಹ್ನ ಎರಡರ ತನಕ ತೆರೆಯುತ್ತಿದ್ದವು. ನಾನು ಅವಳ ಮನೆಯ ಅಂಗಳದಲ್ಲಿ ದೂರ ಕುಳಿತೆ. ಅವಳು ಬಾಗಿಲಲ್ಲಿ ಗೋಡೆಗೆ ಆತು ಕುಳಿತಿದ್ದಳು. ಅರ್ಧ ಆಗಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮಾಪಣೆಯನ್ನು ಶುರು ಮಾಡಿದೆ. ಅವಳು ಕೈ ಎತ್ತಿದಳು.

“ಭಾಷಣಾ ಬ್ಯಾಡವಾ, ಕೇಳಾಕ ದಮ್ ಇಲ್ಲ. ಆ ಕಾಗದಾ ನೀನ ಓದು. ನಮ್ಮ ಹುಡುಗಿ ಗಡಿಬಿಡಿ ಮಾಡಿ ಓದ್ಯಾಳ.”

ಮೊಬೈಲ್ ತೆಗೆದು ಓದಿದೆ. ಕೊನೆಯ ಸಾಲಿಗೆ ಬಂದಾಗ ತಡೆದಳು.

“ಬಹುಶಃ ಅಂತ ಯಾಕ ಹಾಕೀದಿ?”

“ಅಕ್ಕಾ, ಅಲ್ಲೇ ಹತ್ತಿತು ಅಂತ ಖಾತ್ರಿ ಹೇಳಾಕ ಬರಂಗಿಲ್ಲ. ಯಾರಿಗೂ ಬರಂಗಿಲ್ಲ. ನನಗ ಹಂಗ ಅನಿಸ್ತೈತಿ, ಅಷ್ಟ.”

ಅವಳಿಗೆ ಉಸಿರು ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

“ನನ್ನ ಕೈಲೆ ತಪ್ಪಾಗಿಲ್ಲ ಅಂತ ಬರದೀಯಲ್ಲ, ಅದಕ್ಕೂ ಬಹುಶಃ ಹಚ್ಚೀಯೇನು?”

“ಇಲ್ಲ.”

“ಇನ್ನೊಮ್ಮೆ ಓದು.”

ಆ ಸಾಲನ್ನು ಇನ್ನೊಮ್ಮೆ ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

“ಬಂಕಾಪುರದಾಗ ಝೆರಾಕ್ಸ್ ಅಂಗಡಿ ತೆರದಿರ್ತಾರ” ಎಂದಳು. “ಮೊಬೈಲಿನ್ಯಾಗ ಬ್ಯಾಡ, ಹಾಳಿ ಮ್ಯಾಲೆ ತಗಿಸ್ಕೊಂಡ್ ಬಾ. ನನ್ನ ಹತ್ರ ಒಂದು ಇರ್ಲಿ, ಜೋಡಿ ಕೆಲಸದ ಇಬ್ರಿಗೂ ಒಂದೊಂದು. ಎರಡಕ್ಕ ಮುಚ್ತಾರ, ಈಗ ಹೋಗು.”

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.